ತೊಗಟಿ ರೊಟ್ಟಿಯ ಹೆಸರು
ವೈನಿ, ಮೌಶಿ, ಎಲ್ಲಾರೂ ಒಂದೀಟು ಕೇಳ್ರಿ. ಫಿನ್‌ಲ್ಯಾಂಡಿನವರು ಬ್ರೆಡ್ಡಿಗೆ 'ಲೆಯ್‌ಪ್ಯಾ' ಅಂತಾರ. ಬಾಜೂ ಮನಿಯಿಂದ ಹೆಪ್ಪು ತಂದಂಗ, ಈ ಶಬ್ದ ಅವರು ಭಾಳ ಹಿಂದ ಜರ್ಮನಿಕ್ ಭಾಷಾದಿಂದ ತಂದದ್ದು. ಇಂಗ್ಲಿಷಿನ 'ಲೋಫ್' ಇದರ ಒಡಹುಟ್ಟು.

ಇದರ ಮುಂದ 'ಪೆತ್ತು' ಸೇರಿತಂದ್ರ ಮಾತ್ರ ನನ್ನ ಕೈ ಹಿಟ್ಟಿನ್ಯಾಗ ನಿಂತಬಿಡ್ತದ. ಪೆತ್ತು ಅಂದ್ರ ಪೈನ್ ಗಿಡದ ತೊಗಟಿ ಒಳಗಿನ ಮೆತ್ತನ್ನ ಪದರ. ಬೆಳಿ ಹಿಮಕ್ಕ ಹೋದ ವರ್ಷ ಅದನ್ನ ಸುಲದು, ಒಣಗಿಸಿ, ಹುರದು, ಬೀಸಿ, ರೈ ಹಿಟ್ಟಿನ್ಯಾಗ ಬೆರಸ್ತಿದ್ರು. ಅದs 'ಪೆತ್ತುಲೆಯ್‌ಪ್ಯಾ'. 1866-68ರ ಬರದಾಗ ಅದನ್ನ ತಿಂದೂ ಎಷ್ಟೋ ಕೂಸುಗಳು ಉಳೀಲಿಲ್ಲ.

ಅಲ್ಲಿಯ ಕವಿ ರೂನೆಬರ್ಗ್ 1830ರಾಗ ಪಾವೊ ಅನ್ನೋ ರೈತನ ಕತಿ ಬರದಾನ. ವರ್ಷ ವರ್ಷ ತೊಗಟಿ ತಿಂದು, ಕಡೀಕೆ ಛಲೋ ಬೆಳಿ ಬಂದಾಗ ಹೆಂಡತಿಗೆ ಹಿಗ್ಗೋ ಹಿಗ್ಗು. ಪಾವೊ ಮಾತ್ರ ಆಗೂ ಅರ್ಧ ತೊಗಟಿ ಕಲಸಲಿಕ್ಕೆ ಹೇಳ್ತಾನ. ಯಾಕಂದ್ರ ಬಾಜೂದವನ ಹೊಲ ಹಿಮಕ್ಕ ಹೋಗಿತ್ತು.

ನಮ್ಮತ್ತಿ ಮನಿತುಂಬ ಜ್ವಾಳ ಇದ್ರೂ ರೊಟ್ಟಿ ಚೂರು ಚೆಲ್ಲಗೊಡೂದಿಲ್ಲ. ಮಗಳು ಅದಕ್ಕ ಜಿಪುಣತನ ಅಂತಾಳ. ಆಕಿಗೆ ಈ ಒಂದು ಶಬ್ದ ಹೇಳಿಕೊಟ್ಟೇನಿ.