ಆಟ, ಹಣ ಮತ್ತು ಕಾಯಕ

ಭದ್ರಾವತಿಯ ಓಲ್ಡ್ ಟೌನಿನ ಜಗುಲಿಗಳ ಮೇಲೆ ನಾವು ಚೌಕಾಬಾರ ಆಡುವಾಗ ಬಡವ-ಬಲ್ಲಿದರೆಲ್ಲರಿಗೂ ಇದ್ದುದು ಅವೇ 4 ಕವಡೆಗಳು. ಇಂದಿನ ಅನೇಕ ಆನ್‌ಲೈನ್ ಆಟಗಳಲ್ಲಿ ಹಾಗಿಲ್ಲ.

'ಸ್ಟಾರ್ ವಾರ್ಸ್' ಚಲನಚಿತ್ರಗಳನ್ನು ಆಧರಿಸಿದ 'ಬ್ಯಾಟಲ್‌ಫ್ರಂಟ್ 2' ಎಂಬ ಆಟವನ್ನು ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯು 2017ರ ನವೆಂಬರ್‌ನಲ್ಲಿ ಹೊರತಂದಿತು. ಆಟವನ್ನು ಹಣ ತೆತ್ತು ಕೊಂಡವರೂ ಡಾರ್ಥ್ ವೇಡರ್ ಪಾತ್ರಕ್ಕಾಗಿ 60,000 ಅಂಕಗಳನ್ನು ಗಳಿಸಬೇಕೆಂಬ ನಿಯಮವಿತ್ತು. ಅದಕ್ಕೆ ಸುಮಾರು 40 ಗಂಟೆ ಬೇಕೆಂದು ಆಟಗಾರರು ಲೆಕ್ಕ ಹಾಕಿದರು. ಮತ್ತಷ್ಟು ಹಣ ಕೊಟ್ಟವರಿಗೆ ಮುಚ್ಚಿದ ಪೆಟ್ಟಿಗೆಗಳು ದೊರೆಯುತ್ತಿದ್ದವು. ಅದೃಷ್ಟವಿದ್ದರೆ ಅವುಗಳಲ್ಲಿ ಎದುರಾಳಿಗಿಂತ ಹೆಚ್ಚಿನ ಬಲ. ಪ್ರತಿಭಟನೆ ಎದ್ದಾಗ ಕಂಪನಿಯು ಅಂಕಗಳನ್ನು 15,000ಕ್ಕೆ ಇಳಿಸಿ, ಬಿಡುಗಡೆಯ ಮುನ್ನಾದಿನ ಆ ಮಾರಾಟವನ್ನೇ ತಡೆಹಿಡಿಯಿತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಬೇರೆ 3 ಆಟಗಳಲ್ಲಿದ್ದ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ಹೇಳಿತು.

"ಅಜ್ಜ, ದುಡ್ಡು ಕಟ್ಟಿದವರೇ ಗೆಲ್ಲೋದು" ಎಂದು ನನ್ನ ಮೊಮ್ಮಗನು ಇಂಥದೇ ಮತ್ತೊಂದು ಆಟಕ್ಕೆ ಹಣ ಕೇಳಿದನು. ಕೊಡಲಿಲ್ಲ. ಆದರೆ "ಕಷ್ಟಪಟ್ಟು ಆಡಿ ಗೆಲ್ಲು" ಎಂದು ಹೇಳಲೂ ನಾಲಗೆ ಏಳಲಿಲ್ಲ. ಬೇಸತ್ತ ಕೈ ಜೇಬಿಗೆ ಹೋಗುವಂತೆ ಹಿಗ್ಗಿಸಿದ ದುಡಿಮೆಯು ಕಾಯಕವೆನಿಸದು. ಶರಣರು ಬೋಧಿಸಿದ ಕಾಯಕದಲ್ಲಿ ಮಾಡುವವನ ಚಿತ್ತವೂ ಶುದ್ಧವಾಗುತ್ತದೆ, ಫಲವು ದಾಸೋಹವಾಗಿ ಸಮಾಜಕ್ಕೂ ಸಲ್ಲುತ್ತದೆ. ಇಲ್ಲಿಯಾದರೋ ಹಣವೂ ವ್ಯರ್ಥ, ಶ್ರಮವೂ ವ್ಯರ್ಥ.

ತಂದೆತಾಯಂದಿರು ಆಟವನ್ನೇ ನಿಷೇಧಿಸಬೇಕಾಗಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು, ಅಲ್ಲಿ ಗೆಲ್ಲುವುದು ಜಾಣ್ಮೆಯೋ ಹಣವೋ ಎಂದು ವಿಚಾರಿಸಲಿ. ಉತ್ತರವನ್ನು ಮಗುವೇ ಹೇಳುತ್ತದೆ.