ಮೆಹದಿಪಟ್ಟಣಂ ಮತ್ತು ನಮ್ಮ ವ್ಯಾನಿನ ಗ್ಯಾಸ್ಕೆಟ್



ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನಿಮಗೆ ಮೆಹದಿಪಟ್ಟಣಂ ಹೊಸ ಜಾಗವೇನಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವಾಗ ಮೇಲ್ಸೇತುವೆ ಹತ್ತುವುದು ಇಲ್ಲೇ, ಬಸ್ಸು ಬದಲಿಸುವುದು ಇಲ್ಲೇ, ರೈತು ಬಜಾರಿನ ಮುಂದೆ ವಾಹನಗಳ ನಡುವೆ ಸಿಕ್ಕಿಕೊಂಡು ನಿಟ್ಟುಸಿರು ಬಿಡುವುದೂ ಇಲ್ಲೇ. ಗುಜರಾತಿನ ಮೊದಲ ರಾಜ್ಯಪಾಲರಾಗಿದ್ದ ನವಾಬ್ ಮೆಹದಿ ನವಾಜ್ ಜಂಗ್ ಅವರ ಹೆಸರು ಈ ಬಡಾವಣೆಗೆ ಬಂದಿದೆ ಎಂದು ಹೇಳುತ್ತಾರೆ. 2009ರಲ್ಲಿ ಇಲ್ಲಿಂದ ಆರಾಂಘರ್‌ವರೆಗೆ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್ ವೇ ಬಂದ ಮೇಲೆ ಇಲ್ಲಿನ ವಿಳಾಸಗಳೇ ಬದಲಾದವು. ಗಲ್ಲಿಯ ಹೆಸರು ಕೇಳಿದರೆ ಅಂಗಡಿಯವರು ಸೇತುವೆಯ ಕಂಬದ ನಂಬರು ಹೇಳುತ್ತಾರೆ!

ನಮ್ಮ ತಲೆಮಾರಿನ ಕನ್ನಡಿಗರಿಗೆ ಮಾತ್ರ ಮೆಹದಿಪಟ್ಟಣಂ ಎಂದರೆ ಊರಿನ ದಾರಿ. ಇಲ್ಲಿಂದ ಲಂಗರ್ ಹೌಜ್ ದಾಟಿ, ಮೊಯಿನಾಬಾದ್, ಚೇವೆಳ್ಳ, ಪರಿಗಿ, ಕೊಡಂಗಲ್ ಹಾದು ಹೋದರೆ ಸೇಡಂ, ಆಮೇಲೆ ಕಲಬುರಗಿ. ಹಳಬರು ಇದನ್ನು ಇಂದಿಗೂ ಬಿಜಾಪುರ ರಸ್ತೆ ಎಂದೇ ಕರೆಯುತ್ತಾರೆ. 1956ರಲ್ಲಿ ರಾಜ್ಯಗಳು ಬೇರೆಬೇರೆ ಆಗುವವರೆಗೆ ಕೊಡಂಗಲ್, ತಾಂಡೂರುಗಳು ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ಆದ್ದರಿಂದ ಈ ದಾರಿಯಲ್ಲಿ ಗಡಿ ಬರುವ ಮುಂಚೆಯೇ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ಮೊಯಿನಾಬಾದಿನಿಂದ ಮುಂದೆ ರಸ್ತೆಯ ಎರಡೂ ಕಡೆ ಹಳೆಯ ಆಲದ ಮರಗಳು. ಸುಮಾರು 900 ಮರಗಳಿದ್ದವು ಎಂದು ಹಿಂದೆ ಎಣಿಸಿದ್ದರು. ರಸ್ತೆ ಅಗಲ ಮಾಡುವಾಗ ಇವನ್ನು ಉಳಿಸಿಕೊಳ್ಳಲು ಜನ ವರ್ಷಗಟ್ಟಲೆ ಹೋರಾಡಿದ್ದಾರೆ.

ಈ ರಸ್ತೆಯಲ್ಲೇ ನನಗೆ ಎಂಜಿನ್ನಿನ ಪಾಠವಾಯಿತು. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಓದಿ ಮೂವತ್ತು ವರ್ಷ ಅಡುಗೆಮನೆ ನೋಡಿಕೊಂಡವಳಿಗೆ ಎಂಜಿನ್ನಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಆದರೆ ಮನೆಯ ವಾಹನ ಕೆಟ್ಟು ನಿಂತಾಗ ಬಿಲ್ಲು ಬರುವುದು ಮನೆಯ ಲೆಕ್ಕದ ಪುಸ್ತಕಕ್ಕೇ ಅಲ್ಲವೇ?

ನಮ್ಮದು ಮಾರುತಿ ಓಮ್ನಿ. ನಿಮ್ಮಲ್ಲಿ ಕೆಲವರು ಅದರಲ್ಲಿ ಶಾಲೆಗೆ ಹೋಗಿರುತ್ತೀರಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಆಮೇಲೆ ಓಮ್ನಿ ಎಂಬ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಂತ ವಾಹನ ಅದು. 796 ಸಿ.ಸಿ.ಯ ಪುಟ್ಟ ಎಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಅದರಲ್ಲಿ ಅತ್ತೆ, ಮಕ್ಕಳು, ಹಾಸಿಗೆ, ಉಪ್ಪಿನಕಾಯಿ ಜಾಡಿ ಎಲ್ಲವೂ ಹಿಡಿಸುತ್ತಿತ್ತು.

2012ರ ಏಪ್ರಿಲ್. ಆಗಿನ್ನೂ ಕಲಬುರಗಿಗೆ ಗುಲ್ಬರ್ಗಾ ಎಂದೇ ಹೆಸರು. ಅಲ್ಲಿ ನಾದಿನಿಯ ಕುಬಸ, ತವರಿನವರು ಹೋಗಲೇಬೇಕು. ಮೊಯಿನಾಬಾದ್ ದಾಟಿದೊಡನೆ ಉಷ್ಣತೆಯ ಮುಳ್ಳು ಮೇಲೇರಿತು. ನಮ್ಮ ಯಜಮಾನರು ಕೂಡಲೇ ಆಲದ ನೆರಳಿಗೆ ಗಾಡಿ ಹಾಕಿ ಎಂಜಿನ್ ನಿಲ್ಲಿಸಿದರು. ಚಹಾ ಅಂಗಡಿಯವನೊಬ್ಬ ಬಂದು, "ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಹಾಕಿ ಸಾಬ್, ಸೋರುವುದು ನಿಲ್ಲುತ್ತದೆ" ಎಂದು ಸಲಹೆ ಕೊಟ್ಟ. ಲಾರಿಯವರು ತುರ್ತಿಗೆ ಮಾಡುವ ಉಪಾಯವಂತೆ. ನಾವು ಹಾಕಲಿಲ್ಲ. ಯಜಮಾನರೂ ಅತ್ತೆಯವರೂ ಬಸ್ಸು ಹಿಡಿದು ಮುಂದೆ ಹೋದರು. ನಾನು ಮಗಳೊಂದಿಗೆ, ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿ ವ್ಯಾನನ್ನು ಎಳೆಸಿಕೊಂಡು ಮೆಹದಿಪಟ್ಟಣಂಗೆ ಮರಳಿದೆ.

ಮೊದಲು ಹೋದ ವರ್ಕ್‌ಶಾಪಿನ ಹೆಸರು ಬೇಡ. ಅಲ್ಲಿಯವರು ಸೀಟನ್ನೂ ಎತ್ತಿ ನೋಡದೆ, "ಎಂಜಿನ್ ಹೋಯಿತು ಮೇಡಂ, ಬೇರೆ ಕೂರಿಸಬೇಕು, 22,000 ರೂಪಾಯಿ" ಎಂದುಬಿಟ್ಟರು. ಜೂನಿನಲ್ಲಿ ಮಗಳ ಕಾಲೇಜಿಗೆ ಕಟ್ಟಲೆಂದು ಕೂಡಿಟ್ಟ ಹಣವೂ ಹೆಚ್ಚುಕಡಿಮೆ ಅಷ್ಟೇ. "ಬಿಚ್ಚಿ ನೋಡಿದಿರಾ?" ಎಂದು ಕೇಳಿದೆ. "ಬಿಚ್ಚದೆಯೇ ಗೊತ್ತಾಗುತ್ತದೆ" ಎಂಬ ಉತ್ತರ ಬಂತು. ಬಾಯಿ ತೆರೆದು ನೋಡದೆ ಹಲ್ಲು ಕೀಳಬೇಕೆನ್ನುವ ಡಾಕ್ಟರರ ಹತ್ತಿರ ನೀವು ಕುಳಿತುಕೊಳ್ಳುತ್ತೀರಾ?

ನಮ್ಮ ಬೀದಿಯ ಆಟೋದವರು ಆಸಿಫ್ ನಗರದ ಕಡೆಯ ಒಂದು ಗಲ್ಲಿ ತೋರಿಸಿದರು. ಮೆಹದಿಪಟ್ಟಣಂನ ಇನ್ನೊಂದು ಮುಖ ಇಂಥ ಗಲ್ಲಿಗಳಲ್ಲಿದೆ. ಒಬ್ಬರು ರೇಡಿಯೇಟರ್ ಬೆಸೆಯುತ್ತಾರೆ, ಇನ್ನೊಬ್ಬರು ಲೇಥ್ ಓಡಿಸುತ್ತಾರೆ, ಮತ್ತೊಬ್ಬರು ಸೀಟು ಹೊಲಿಯುತ್ತಾರೆ. ದಖ್ಖನಿ, ತೆಲುಗು ಎರಡೂ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ಅಲ್ಲಿದ್ದ ವಯಸ್ಸಾದ ಉಸ್ತಾದರು ನಾನೂ ಮಗಳೂ ಕನ್ನಡದಲ್ಲಿ ಮಾತನಾಡುವುದನ್ನು ಕೇಳಿಸಿಕೊಂಡರು. ಅವರ ಊರು ಬೀದರ ಕಡೆ. "ಅಕ್ಕಾರ, ಮೊದ್ಲ ಬಿಚ್ಚಿ ತೋರಸ್ತೀನ್ರಿ. ಆಮ್ಯಾಲ ರೊಕ್ಕದ ಮಾತು" ಎಂದರು.

ಅವರು ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ. ಎಂಜಿನ್ ಎಂದರೆ ಮುಖ್ಯವಾಗಿ ಎರಡು ಭಾರವಾದ ಲೋಹದ ತುಂಡುಗಳು. ಕೆಳಗಿನದು ಬ್ಲಾಕ್, ಮೇಲಿನದು ಹೆಡ್. ಎರಡರ ನಡುವೆ ತೆಳುವಾದ ಹಾಳೆಯಂಥ ಹೆಡ್ ಗ್ಯಾಸ್ಕೆಟ್. ನಮ್ಮ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಆವಿಯೊಂದನ್ನು ತಡೆದರೆ ಸಾಕು. ಇದಕ್ಕೆ ಮೂರು ಕೆಲಸ. ಸಿಲಿಂಡರಿನೊಳಗಿನ ಬೆಂಕಿ, ಸುತ್ತ ಹರಿಯುವ ನೀರು, ಮೇಲೆ ಕೆಳಗೆ ಓಡಾಡುವ ಆಯಿಲ್ ಒಂದಕ್ಕೊಂದು ಸೇರದಂತೆ ಕಾಯಬೇಕು. ಆ ಬೆಂಕಿಯ ಬಿಸಿ ಕ್ಷಣಕಾಲ 2,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ.

ನೀರು ಕಡಿಮೆಯಾಗಿ ಎಂಜಿನ್ ಕಾದರೆ ಏನಾಗುತ್ತದೆ? ಅನೇಕ ವಾಹನಗಳಲ್ಲಿ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಅದೇ ಶಾಖಕ್ಕೆ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮಿತಿ ಮೀರಿದರೆ ಹೆಡ್ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಸುಟ್ಟು ದಾರಿ ಬಿಡುತ್ತದೆ. ಆಗ ನೀರು ಆಯಿಲಿಗೆ ಸೇರಬಹುದು, ಇಲ್ಲವೇ ಸಿಲಿಂಡರಿಗೆ ಇಳಿದು ಬೆಳ್ಳಗಿನ ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರಬಹುದು.

ಉಸ್ತಾದರು ಆಯಿಲ್ ಮುಚ್ಚಳ ತೆಗೆದು ಒಳಮೈ ತೋರಿಸಿದರು. ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಅಂಟಿತ್ತು. "ಇದು ನೋಡ್ರಿ, ನೀರು ಕೂಡ್ಯದ" ಎಂದರು. ಎಲ್ಲದಕ್ಕೂ ಮೂಲ ಸೋರುತ್ತಿದ್ದ ವಾಟರ್ ಪಂಪು. ಅದನ್ನು ಬಿಟ್ಟು ಗ್ಯಾಸ್ಕೆಟ್ ಒಂದನ್ನೇ ಬದಲಿಸಿದ್ದರೆ ಮತ್ತೆ ಸುಡುತ್ತಿತ್ತು. ಅರಿಶಿನದ ಮಾತು ಹೇಳಿದಾಗ ನಕ್ಕರು. ಪುಡಿ ತೂತನ್ನು ಮುಚ್ಚುವುದರ ಜೊತೆಗೆ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚೀತು; ಸುಟ್ಟ ಗ್ಯಾಸ್ಕೆಟ್ಟಿಗಂತೂ ಅದು ಮದ್ದಲ್ಲ ಎಂದರು.

ಹೆಡ್ಡನ್ನು ಬಿಚ್ಚಿ, ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಕೆಳಗಿನ ಸಂದಿಯನ್ನು ತೆಳುವಾದ ಅಳತೆ ಪಟ್ಟಿಗಳಿಂದ ನೋಡಿದರು. ಕೂದಲೆಳೆಯಷ್ಟು ಸೊಟ್ಟಗಾಗಿದ್ದರೂ ಹೊಸ ಗ್ಯಾಸ್ಕೆಟ್ ಹಿಡಿಯುವುದಿಲ್ಲವಂತೆ. ಮುಳ್ಳು ಏರಿದ ಕೂಡಲೇ ಗಾಡಿ ನಿಲ್ಲಿಸಿದ್ದರಿಂದ ನಮ್ಮದು ಸ್ವಲ್ಪದರಲ್ಲೇ ಉಳಿದಿತ್ತು. ಪಕ್ಕದ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ ಮಟ್ಟಮಾಡಿದರು. ಮರುದಿನ ಬೋಲ್ಟುಗಳನ್ನು ಬಿಗಿಯುವಾಗ ಅಂಚಿನಿಂದ ಶುರುಮಾಡಲಿಲ್ಲ. ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಪೂರ್ತಿಯಲ್ಲ, ಹಂತಹಂತವಾಗಿ, ಅಳತೆ ತೋರಿಸುವ ಪಾನಾದಿಂದ ಬಿಗಿದರು. ಮಗಳು ಕಣ್ಣು ಮಿಟುಕಿಸದೆ ನೋಡಿದಳು.

ಬಿಲ್ಲು ಹೀಗಿತ್ತು: ಗ್ಯಾಸ್ಕೆಟ್ ಸೆಟ್ 650, ಫೇಸಿಂಗ್ 500, ವಾಟರ್ ಪಂಪು 900, ಆಯಿಲ್ ಮತ್ತು ಫಿಲ್ಟರ್ 750, ಕೂಲೆಂಟ್ 300, ಕೂಲಿ 2,000. ಒಟ್ಟು 5,100 ರೂಪಾಯಿ. ಇದು ಆ ವರ್ಷದ, ಆ ಗಾಡಿಯ ಲೆಕ್ಕ. ಇಂದಿನ ದರವೆಂದು ತಿಳಿಯಬೇಡಿ. ಆದರೆ ಅನುಪಾತ ಗಮನಿಸಿ. ಗ್ಯಾಸ್ಕೆಟ್ ಅಗ್ಗ, ಅದರವರೆಗೆ ತಲುಪುವ ದುಡಿಮೆ ದುಬಾರಿ. ಕೂಲಿಯಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಎರಡು ದಿನ ಬಗ್ಗಿದ ಬೆನ್ನಿನ ಬೆಲೆ ಅದು. ಮಗಳ ಕಾಲೇಜಿನ ಹಣ ಬಹುಪಾಲು ಉಳಿಯಿತು. ವ್ಯಾನು ಇನ್ನೂ ಆರು ವರ್ಷ ಓಡಿತು.

ಈಗ ನಿಮ್ಮ ಮಾತು. ಫೋನಿನಲ್ಲಿ ಬೆರಳು ಒತ್ತಿದರೆ ಗಾಡಿಯನ್ನು ಮನೆಯ ಮುಂದಿನಿಂದಲೇ ಒಯ್ದು, ರಿಪೇರಿ ಮಾಡಿ ತಂದು ಬಿಡುವ ಕಾಲ ನಿಮ್ಮದು. ಅನುಕೂಲವೇ ಸರಿ. ಆದರೆ ಕಣ್ಣಿಗೆ ಕಾಣದ ಕೆಲಸಕ್ಕೆ ಹಣ ಕೊಡುವಾಗ ನಾಲ್ಕು ವಿಷಯ ನೆನಪಿಡಿ.

ಒಂದು, ಮುಳ್ಳು ಏರಿದರೆ ಅಥವಾ ಕೆಂಪು ದೀಪ ಹೊತ್ತಿದರೆ "ಇನ್ನು ನಾಲ್ಕೇ ಕಿಲೋಮೀಟರು" ಎನ್ನಬೇಡಿ, ನಿಲ್ಲಿಸಿ. ಸಣ್ಣ ಬಿಲ್ಲು ದೊಡ್ಡದಾಗುವುದು ಆ ನಾಲ್ಕು ಕಿಲೋಮೀಟರಿನಲ್ಲೇ.

ಎರಡು, ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಕೂಗುವ ಕುಕ್ಕರಿನ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರೆಯೇ? ಒಳಗೆ ಒತ್ತಡವಿರುತ್ತದೆ, ಮುಖ ಬೆಂದೀತು.

ಮೂರು, ಬಿಡಿಭಾಗ, ಲೇಥ್ ಕೆಲಸ, ಕೂಲಿ ಇವನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ, ಹಳೆಯ ಭಾಗವನ್ನು ಕೇಳಿ ನೋಡಿ. ಯಾಕೆ ಕೆಟ್ಟಿತು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ರಿಪೇರಿ ಮುಗಿದಿಲ್ಲ ಎಂದೇ ತಿಳಿಯಿರಿ. ನೀರು ಸೇರಿದ ಆಯಿಲನ್ನು ಬದಲಿಸಿದ್ದಾರೆಯೇ ಎಂದೂ ಕೇಳಿ. ಅದೇ ಆಯಿಲಿನಲ್ಲಿ ಓಡಿಸಿದರೆ ಬೇರಿಂಗುಗಳು ಹಾಳಾಗುತ್ತವೆ.

ನಾಲ್ಕು, ದೊಡ್ಡ ಮೊತ್ತ ಕೇಳಿದರೆ ಇನ್ನೊಬ್ಬರಿಗೂ ತೋರಿಸಿ. ಗಾಡಿಯ ಬೆಲೆಯ ಅರ್ಧದಷ್ಟು ಖರ್ಚು ಬರುವುದಾದರೆ ಮಾರುವ ಯೋಚನೆಯೂ ಇರಲಿ. ಹಳೆಯದರ ಮೇಲೆ ಮಮತೆ ಒಳ್ಳೆಯದು, ಅದಕ್ಕೂ ಲೆಕ್ಕ ಬೇಕು.

ನಿಮ್ಮಲ್ಲಿ ಕೆಲವರು ವಿದ್ಯುತ್ ಕಾರು ಕೊಂಡಿದ್ದೀರಿ. ಅದರಲ್ಲಿ ಹೆಡ್ ಗ್ಯಾಸ್ಕೆಟ್ಟೇ ಇಲ್ಲ ಎಂದು ನನ್ನ ಮಗಳು ಹೇಳಿದಳು. ಒಳ್ಳೆಯದಾಯಿತು. ಆದರೂ ಅದೂ ಒಂದು ದಿನ ಕೆಟ್ಟೀತು, ಬಿಲ್ಲು ಬಂದೀತು. ಆಗಲೂ ಬಿಚ್ಚಿ ತೋರಿಸಿ ಎಂದು ಕೇಳುವ ಧೈರ್ಯವೂ, ತೋರಿಸಿದವರನ್ನು ಗೌರವಿಸುವ ಮನಸ್ಸೂ ನಿಮ್ಮಲ್ಲಿರಲಿ. ಕೇಳುವಾಗ ಮನೆಯವರೊಡನೆ ಕನ್ನಡದಲ್ಲೇ ಮಾತನಾಡಿಕೊಳ್ಳಿ. ಹೈದರಾಬಾದಿನ ಗಲ್ಲಿಯಲ್ಲಿ ಅದು ಯಾರ ಕಿವಿಗೆ ಬಿದ್ದು ಯಾರು ನಮ್ಮವರಾಗುತ್ತಾರೋ ಹೇಳಲು ಬರುವುದಿಲ್ಲ!

ನಿಮ್ಮ ಪ್ರಯಾಣಗಳು ಸುಖಕರವಾಗಿರಲಿ.