ಮೂವರಿಗೊಂದು ಕೀಬೋರ್ಡು

ಮಧುವನಹಳ್ಳಿಯಿಂದ ಕೊಳ್ಳೇಗಾಲಕ್ಕೆ ಸೈಕಲ್ಲಿನಲ್ಲೇ ಹೋಗಿಬರಬಹುದು. 1998ರ ಬೇಸಿಗೆ ರಜೆಯಲ್ಲಿ ನಾವು ಮೂವರು, ಅಣ್ಣತಮ್ಮಂದಿರಿಬ್ಬರು ಮತ್ತು ಎದುರು ಮನೆಯ ಗೆಳೆಯ, ಅಲ್ಲಿನ ಒಂದು ಕಂಪ್ಯೂಟರ್ ಕೇಂದ್ರಕ್ಕೆ ಹೋಗುತ್ತಿದ್ದೆವು. ಕಲಿಯಲು ಹೋದದ್ದು ಡಾಸ್ ಮತ್ತು ಟೈಪಿಂಗ್. ಕಲಿತದ್ದು ‘ಡೂಮ್’ ಎಂಬ ಆಟ.

ಕೇಂದ್ರದ ಮೇಷ್ಟ್ರು ಅದನ್ನು ಬೆಂಗಳೂರಿನಿಂದ ಫ್ಲಾಪಿಗಳಲ್ಲಿ ತಂದಿದ್ದರು. ಕಳ್ಳಮಾಲೇನಲ್ಲ. ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ 1993ರ ಡಿಸೆಂಬರ್ 10ರಂದು ಈ ಆಟ ಹೊರತಂದಾಗ, ಮೂರು ಭಾಗಗಳಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಹಂಚಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತ್ತು. ರುಚಿ ಹತ್ತಿದವರು ದುಡ್ಡು ಕೊಟ್ಟು ಉಳಿದೆರಡು ಭಾಗ ತರಿಸಿಕೊಳ್ಳಬೇಕು. ನಮಗೆ ರುಚಿ ಹತ್ತಿತು, ದುಡ್ಡಿರಲಿಲ್ಲ. ಆ ಒಂದೇ ಭಾಗವನ್ನು ಇಡೀ ರಜೆ ಆಡಿದೆವು.

ಮಂಗಳ ಗ್ರಹದ ಚಂದ್ರ ಫೋಬೋಸ್. ಅಲ್ಲಿನ ನೆಲೆಯೊಳಕ್ಕೆ ನರಕದ ಬಾಗಿಲು ತೆರೆದುಕೊಂಡು ಪಿಶಾಚಿಗಳು ನುಗ್ಗಿವೆ. ಹೆಸರಿಲ್ಲದ ಒಬ್ಬ ಸೈನಿಕ ಮಾತ್ರ ಉಳಿದಿದ್ದಾನೆ. ನಾವು ಅವನ ಕಣ್ಣಿನಿಂದಲೇ ನೋಡಬೇಕು. ಅವನ ಮುಖ ಪರದೆಯ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ, ಪೆಟ್ಟು ಬಿದ್ದಂತೆಲ್ಲ ರಕ್ತವಾಗುತ್ತದೆ. ಕೀಬೋರ್ಡು ಒಂದೇ ಆದ್ದರಿಂದ ಕೆಲಸ ಹಂಚಿಕೊಂಡಿದ್ದೆವು. ಬಾಣದ ಗುರುತಿನ ಕೀಲಿಗಳಲ್ಲಿ ಅಣ್ಣ ನಡೆಸುವುದು, ಕಂಟ್ರೋಲ್ ಒತ್ತಿ ತಮ್ಮ ಗುಂಡು ಹಾರಿಸುವುದು, ಸ್ಪೇಸ್ ಬಾರ್ ಒತ್ತಿ ಗೆಳೆಯ ಬಾಗಿಲು ತೆರೆಯುವುದು. ಸತ್ತಾಗಲೆಲ್ಲ ಬೈಗುಳ ಬಾಗಿಲಿನವನಿಗೇ. ಕರೆಂಟು ಹೋದರೆ ಮೂವರೂ ಒಟ್ಟಿಗೆ ಸತ್ತಂತೆ.

ಅಮ್ಮಿಗೆ ಸುದ್ದಿ ಮುಟ್ಟಿತು. “ಸೈತಾನರ ಆಟವಂತೆ?” ಎಂದರು. “ಸೈತಾನರನ್ನು ಹೊಡೆಯೋ ಆಟ ಅಮ್ಮೀ” ಎಂದು ಗೆಳೆಯನೇ ವಕಾಲತ್ತು ವಹಿಸಿದ. ಮರುವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಕ್ಕಿ ಕೊಂದರು. ಅವರು ಡೂಮ್ ಆಡುತ್ತಿದ್ದರೆಂಬುದು ದೊಡ್ಡ ಚರ್ಚೆಯಾಯಿತು. ಮೇಷ್ಟ್ರು ಮಾತಿಲ್ಲದೆ ಆಟವನ್ನು ಅಳಿಸಿಹಾಕಿದರು. ನಮ್ಮ ಬೆರಳುಗಳನ್ನು ನಾವೇ ಒಮ್ಮೆ ನೋಡಿಕೊಂಡದ್ದು ನಿಜ.

ಆಟದ ಕೈಪಿಡಿ ನಮ್ಮ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಆ ಸೈನಿಕ ಮಂಗಳಕ್ಕೆ ಹೋದದ್ದೇಕೆ ಎಂಬುದು ಅದರಲ್ಲಿತ್ತು. ನಾಗರಿಕರ ಮೇಲೆ ಗುಂಡು ಹಾರಿಸಲು ತನ್ನ ಮೇಲಧಿಕಾರಿ ಆಜ್ಞೆ ಮಾಡಿದ್ದಕ್ಕೆ ಇವನು ಆ ಅಧಿಕಾರಿಯನ್ನೇ ಬಡಿದಿದ್ದ. ಅದಕ್ಕೆ ಮಂಗಳಕ್ಕೆ ಎತ್ತಂಗಡಿ! ಅಷ್ಟೊಂದು ರಕ್ತ ಹರಿಸಿದವನ ಪೂರ್ವಕಥೆ ಇಷ್ಟೇ ಇಷ್ಟು, ಎರಡು ಸಾಲು. ಅದನ್ನು ಓದಿದ ದಿನ ಮೂವರೂ ಫೋನಿನಲ್ಲಿ ಮಾತಾಡಿಕೊಂಡೆವು. ಬಾಲ್ಯದ ಒಂದು ಕಳಂಕ ಕಳೆದಂತಾಗಿತ್ತು.

2011ರ ಈದ್‌ಗೆ ಬೆಂಗಳೂರಿನ ಅಕ್ಕನ ಮನೆಯಲ್ಲಿ ಸೇರಿದ್ದೆವು. ಗೆಳೆಯನೂ ಬಂದಿದ್ದ. ಅಕ್ಕನ ಮಗ ಕಂಪ್ಯೂಟರಿನ ಮುಂದೆ ಕೂತು ‘ಮಾಡರ್ನ್ ವಾರ್‌ಫೇರ್ 2’ ಆಡುತ್ತಿದ್ದ. 2009ರ ಆಟ. ಪಿಶಾಚಿಯೂ ಇಲ್ಲ, ಮಂಗಳವೂ ಇಲ್ಲ. ಬೀದಿ, ಮಾಳಿಗೆ ಮನೆಗಳು, ಅಂಗಡಿ ಬೋರ್ಡುಗಳು. ಶೀರ್‌ಖುರ್ಮಾದ ಬಟ್ಟಲು ಹಿಡಿದು ಬಂದ ಅಮ್ಮಿ ನಿಂತುಬಿಟ್ಟರು. ಮುಖ ಅರಳಿತು.

“ಅರೆ, ಅರಬ್ಬಿ ಅಕ್ಷರ! ಯಾವೂರು ಮಗಾ ಇದು?”

“ಕರಾಚಿ, ನಾನಿ.”

“ಕರಾಚಿಯಲ್ಲಿ ಬೋರ್ಡು ಉರ್ದುವಿನಲ್ಲಿರಬೇಕಲ್ಲ. ಇದು ಉರ್ದು ಅಲ್ಲ.”

ಉರ್ದು ಶಾಲೆಯಲ್ಲಿ ಓದಿದ ಅಮ್ಮಿಗೆ ಕಂಡದ್ದು ಕೋಟಿಗಟ್ಟಲೆ ಸುರಿದು ಆಟ ಕಟ್ಟಿದವರಿಗೆ ಕಂಡಿರಲಿಲ್ಲ. ಹುಡುಗ ಕಿಟಕಿಯೊಂದರಿಂದ ಗುಂಡು ಹಾರಿಸಿದ. ಬೀದಿಯ ಆಚೆ ಒಬ್ಬ ಬಿದ್ದ.

“ಈ ಮನೆಯವರೆಲ್ಲ ಎಲ್ಲಿ ಹೋದರು?” ಎಂದು ಅಮ್ಮಿ ಕೇಳಿದರು.

ಹುಡುಗ ನಮ್ಮ ಕಡೆ ನೋಡಿದ. ನಾವು ಪರದೆಯ ಕಡೆ ನೋಡಿದೆವು. ಗೆಳೆಯ ಮೆಲ್ಲನೆ ಬಗ್ಗಿ, ಹಳೆಯ ಅಭ್ಯಾಸದಂತೆ ಸ್ಪೇಸ್ ಬಾರ್ ಒತ್ತಿದ. ಯಾವ ಬಾಗಿಲೂ ತೆರೆಯಲಿಲ್ಲ. ಸೈನಿಕ ನಿಂತಲ್ಲೇ ಒಮ್ಮೆ ಹಾರಿದ, ಅಷ್ಟೆ.